ರೊಟೇಟರ್ ಯಾರು, ರಿವ್ಯೂವರ್ ಯಾರು?

ಅಮೆರಿಕದ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುವ ಕೊಡಗಿನವರು ಯಾರಾದರೂ ಸಂಶೋಧನೆಗೆ ದುಡ್ಡು ಕೊಡುವ ಅಲ್ಲಿನ ಸರ್ಕಾರಿ ಸಂಸ್ಥೆ ನ್ಯಾಷನಲ್ ಸೈನ್ಸ್ ಫೌಂಡೇಷನ್‌ಗೆ, ಅಂದರೆ ಎನ್‌ಎಸ್‌ಎಫ್‌ಗೆ, ಎರಡು ವರ್ಷದ ಮಟ್ಟಿಗೆ ಹೋದರು ಅಂದುಕೊಳ್ಳಿ. ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಅಭಿನಂದನೆ ಹೇಗೆ ಬರುತ್ತದೆ ಗೊತ್ತಲ್ವಾ? ‘ಸಂಶೋಧನೆ ಬಿಟ್ಟು ಸರ್ಕಾರಿ ಅಧಿಕಾರಿಯಾದರು’ ಅಂತ ಒಬ್ಬರು. ‘ಕೋಟಿಗಟ್ಟಲೆ ಅನುದಾನ ಹಂಚುವ ಹುದ್ದೆ’ ಅಂತ ಇನ್ನೊಬ್ಬರು. ‘ರಿವ್ಯೂವರ್ ಆಗಿ ನೇಮಕ’ ಅಂತ ಮತ್ತೊಬ್ಬರು. ಮೂರೂ ತಪ್ಪು. ಮಡಿಕೇರಿಯಲ್ಲಿ ಕೂತು ಇಂಥವನ್ನು ಓದಿ ಓದಿ ಸಾಕಾಗಿದೆ.

ಹೀಗೆ ಹೋಗುವವರನ್ನು ಅಲ್ಲಿನವರು ರೊಟೇಟರ್ ಎನ್ನುತ್ತಾರೆ. ಬೇರೆ ಸಂಸ್ಥೆಯ ವಿಜ್ಞಾನಿ ಸ್ವಲ್ಪ ಕಾಲ ಪ್ರೋಗ್ರಾಂ ಆಫೀಸರ್ ಆಗಿ, ಅಂದರೆ ಯಾವ ಸಂಶೋಧನೆಗೆ ದುಡ್ಡು ಕೊಡಬಹುದು ಎಂದು ಶಿಫಾರಸು ಮಾಡುವವರಾಗಿ, ಕೆಲಸ ಮಾಡಿ, ಅವಧಿ ಮುಗಿದ ಮೇಲೆ ತನ್ನ ಲ್ಯಾಬಿಗೆ ವಾಪಸು ಹೋಗುತ್ತಾರೆ. ಹೀಗೆ ಕಳಿಸಲು ಅಮೆರಿಕದಲ್ಲಿ 1970ರ ಒಂದು ಕಾಯ್ದೆಯೇ ಇದೆ. ಆ ಕಾಯ್ದೆಯ ಕೆಳಗೆ ಬಂದವರು ತಮ್ಮ ವಿಶ್ವವಿದ್ಯಾಲಯದ ನೌಕರರಾಗಿಯೇ ಉಳಿಯುತ್ತಾರೆ. ಸಂಬಳ ಕೊಡುವುದೂ ಅದೇ ವಿಶ್ವವಿದ್ಯಾಲಯ. ಆ ಖರ್ಚಿನ ಹೆಚ್ಚಿನ ಪಾಲನ್ನು ಎನ್‌ಎಸ್‌ಎಫ್ ತುಂಬಿಕೊಡುತ್ತದೆ. ಮೊದಲು ಒಂದೆರಡು ವರ್ಷ, ಬೇಕಾದರೆ ಮುಂದುವರಿಸಬಹುದು, ಒಂದು ಸಲಕ್ಕೆ ಹೆಚ್ಚೆಂದರೆ ನಾಲ್ಕು ವರ್ಷ. ನಮ್ಮಲ್ಲಿ ಡೆಪ್ಯುಟೇಷನ್ ಅನ್ನುವುದಕ್ಕೆ ಇದು ಹತ್ತಿರ. ಬಡ್ತಿಯಲ್ಲ, ವರ್ಗಾವಣೆಯೂ ಅಲ್ಲ. ಸಂಶೋಧನೆ ಬಿಟ್ಟರು ಅನ್ನುವುದಂತೂ ಅನ್ಯಾಯ. ತಮ್ಮ ಸಂಶೋಧನೆ ನೋಡಿಕೊಳ್ಳಲು ಅವರಿಗೆ ವರ್ಷದಲ್ಲಿ 50 ದಿನಗಳವರೆಗೆ ಸಮಯ ಸಿಗುವ ಏರ್ಪಾಡು ಇದೆ. ಪಿಎಚ್‌ಡಿ ವಿದ್ಯಾರ್ಥಿಗಳು ಅಲ್ಲೇ ಲ್ಯಾಬಲ್ಲಿ ಕಾಯುತ್ತಿರುತ್ತಾರೆ.

ಇನ್ನು ಜಾಸ್ತಿ ಬೇಜಾರು ತರಿಸುವ ಗೊಂದಲಕ್ಕೆ ಬರುತ್ತೇನೆ. ‘ರಿವ್ಯೂವರ್ ಪಾಸ್ ಮಾಡಿದರು’, ‘ರಿವ್ಯೂವರ್ ರಿಜೆಕ್ಟ್ ಮಾಡಿದರು’. ಕಾಲೇಜುಗಳಲ್ಲಿ ಪಾಠ ಮಾಡುವವರೂ ಹೀಗೆ ಹೇಳುತ್ತಾರೆ. ರಿವ್ಯೂವರ್, ಅಂದರೆ ಅನುದಾನ ಕೇಳಿ ಬಂದ ಅರ್ಜಿಯನ್ನು (ಪ್ರಪೋಸಲ್) ಓದುವ ಹೊರಗಿನ ತಜ್ಞರು, ಯಾವುದನ್ನೂ ಪಾಸ್ ಮಾಡುವುದಿಲ್ಲ. ಅಭಿಪ್ರಾಯ ಕೊಡುತ್ತಾರೆ, ಅಷ್ಟೇ.

ಒಂದು ಉದಾಹರಣೆ ಕಟ್ಟಿ ನೋಡೋಣ. ಕೊಡಗಿನ ದೇವರಕಾಡುಗಳಲ್ಲಿ ಯಾವ ಮರ ಉಳಿದಿದೆ, ಸುತ್ತಲಿನ ಕಾಫಿ ತೋಟಕ್ಕೆ ಅಲ್ಲಿಂದ ಯಾವ ಹಕ್ಕಿ, ಯಾವ ಜೇನು ಬರುತ್ತದೆ ಎಂದು ಅಧ್ಯಯನ ಮಾಡಲು ಅಮೆರಿಕದ ವಿಜ್ಞಾನಿಯೊಬ್ಬರು ಎನ್‌ಎಸ್‌ಎಫ್‌ಗೆ ಪ್ರಪೋಸಲ್ ಹಾಕಿದರು ಎನ್ನಿ. ಅದು ಒಬ್ಬ ಪ್ರೋಗ್ರಾಂ ಆಫೀಸರ್ ಮೇಜಿಗೆ ಬರುತ್ತದೆ. ಇದನ್ನು ಯಾರು ಓದಿದರೆ ಸರಿ ಎಂದು ಅವರು ಹುಡುಕಬೇಕು. ಕಾಡಿನ ಪರಿಸರ ಗೊತ್ತಿರುವವರು ಒಬ್ಬರು, ಪರಾಗಸ್ಪರ್ಶ ಗೊತ್ತಿರುವವರು ಒಬ್ಬರು, ಅಂಕಿಅಂಶದ ಲೆಕ್ಕ ಗೊತ್ತಿರುವವರು ಒಬ್ಬರು. ಕಡಿಮೆಯೆಂದರೂ ಮೂವರು ಹೊರಗಿನವರು ಓದಬೇಕು ಎನ್ನುವುದು ಅಲ್ಲಿ ಬಹುಕಾಲ ಇದ್ದ ರೂಢಿ. ಈ ಓದುವವರೇ ರಿವ್ಯೂವರ್‌ಗಳು. ಅವರು ಎರಡು ವಿಷಯ ನೋಡುತ್ತಾರೆ. ವಿಜ್ಞಾನವಾಗಿ ಇದರಲ್ಲಿ ಎಷ್ಟು ಸತ್ವ ಇದೆ? ಸಮಾಜಕ್ಕೆ ಇದರಿಂದ ಏನು ಬರುತ್ತದೆ? 1997ರಿಂದ ಇವೇ ಎರಡು ಅಳತೆಗಳು. ಓದಿ ಬರೆಯುತ್ತಾರೆ, ಅತ್ಯುತ್ತಮದಿಂದ ಕಳಪೆವರೆಗಿನ ಐದು ದರ್ಜೆಗಳಲ್ಲಿ ಒಂದನ್ನು ಕೊಡುತ್ತಾರೆ. ಕೆಲವರು ಮನೆಯಲ್ಲೇ ಕೂತು ಬರೆದು ಕಳಿಸುತ್ತಾರೆ. ಕೆಲವರು ಪ್ಯಾನೆಲ್‌ನಲ್ಲಿ ಸೇರಿ ಚರ್ಚೆ ಮಾಡುತ್ತಾರೆ. ಅಲ್ಲಿಗೆ ರಿವ್ಯೂವರ್ ಕೆಲಸ ಮುಗಿಯಿತು.

ಪ್ರೋಗ್ರಾಂ ಆಫೀಸರ್ ಕೆಲಸ ಆಗ ಶುರು. ಅಭಿಪ್ರಾಯಗಳನ್ನೆಲ್ಲ ಮುಂದಿಟ್ಟುಕೊಂಡು, ಇದಕ್ಕೆ ದುಡ್ಡು ಕೊಡಬಹುದು ಅಥವಾ ಬೇಡ ಎಂದು ಅವರು ಕಾರಣಸಹಿತ ಶಿಫಾರಸು ಬರೆಯುತ್ತಾರೆ. ಅಂಕ ಕೂಡಿ ಭಾಗಿಸಿ ಮೇಲಿನಿಂದ ಕೆಳಕ್ಕೆ ಹಂಚುವ ಕೆಲಸ ಅಲ್ಲ ಇದು. ಇಬ್ಬರು ‘ಅತ್ಯುತ್ತಮ’ ಎಂದು ಒಬ್ಬರು ‘ಸಾಧಾರಣ’ ಎಂದರೆ, ಆ ಒಬ್ಬರು ಹಿಡಿದ ತಪ್ಪು ನಿಜವಾದ ತಪ್ಪೇ ಎಂದು ನೋಡಬೇಕು. ಸೋಲುವ ಅಪಾಯ ಇದ್ದರೂ ಹೊಸದೇನಾದರೂ ಸಿಗಬಹುದಾದ ಪ್ರಪೋಸಲ್ ಇರುತ್ತದೆ. ಈಗಷ್ಟೇ ಕೆಲಸಕ್ಕೆ ಸೇರಿದವರ ಪ್ರಪೋಸಲ್ ಇರುತ್ತದೆ. ಅಂಥದ್ದನ್ನು, ದರ್ಜೆ ಸ್ವಲ್ಪ ಕಡಿಮೆ ಬಂದಿದ್ದರೂ, ಎತ್ತಿ ಹಿಡಿಯುವ ಸ್ವಾತಂತ್ರ್ಯ ಅವರಿಗಿದೆ. ಆದರೆ ಕಾರಣ ಬರೆದಿಡಬೇಕು. ಆ ಶಿಫಾರಸನ್ನು ಮೇಲಿನ ಅಧಿಕಾರಿಗಳು ಒಪ್ಪಬೇಕು. ಆಮೇಲೆ ಗ್ರಾಂಟ್ ಕಚೇರಿ ಲೆಕ್ಕಪತ್ರ ನೋಡಿ ಮಂಜೂರು ಮಾಡುತ್ತದೆ. ‘ಕೋಟಿಗಟ್ಟಲೆ ಹಂಚುವ ಹುದ್ದೆ’ ಎನ್ನುವ ಮಾತು ಎಲ್ಲಿ ತಪ್ಪು ಅಂತ ಈಗ ಗೊತ್ತಾಯಿತಲ್ಲ. ಒಬ್ಬರೇ ಕೂತು ಚೆಕ್ ಬರೆಯುವ ಹುದ್ದೆ ಅಲ್ಲಿ ಇಲ್ಲವೇ ಇಲ್ಲ.

ಹಾಗಾದರೆ ಖಾಯಂ ಅಧಿಕಾರಿಗಳನ್ನೇ ಇಟ್ಟುಕೊಂಡರೆ ಸಾಲದಾ? ಖಾಯಂ ಆಗಿ ಇರುವವರೂ ಎನ್‌ಎಸ್‌ಎಫ್‌ನಲ್ಲಿ ಇದ್ದಾರೆ. ನಿಯಮ, ಹಿಂದಿನ ನಿರ್ಧಾರಗಳ ನೆನಪು ಅವರ ಹತ್ತಿರ ಇರುತ್ತದೆ. ಆದರೆ ವಿಜ್ಞಾನ ಎಲ್ಲಿ ಬಿಸಿಯಾಗಿದೆ ಅಂತ ಗೊತ್ತಿರುವುದು ನಿನ್ನೆಯವರೆಗೆ ಲ್ಯಾಬಲ್ಲಿ ಕೈ ಕೊಳೆ ಮಾಡಿಕೊಂಡವರಿಗೆ. ಎರಡೂ ಬೇಕು.

ತಾತ್ಕಾಲಿಕ ಹುದ್ದೆಯನ್ನು ಹಗುರವಾಗಿ ಕಾಣುವವರು ಲಿಕ್‌ಲೈಡರ್ ಅವರ ವಿಷಯ ತಿಳಿದುಕೊಳ್ಳಬೇಕು. ಜೆ.ಸಿ.ಆರ್. ಲಿಕ್‌ಲೈಡರ್ ಮನಶ್ಶಾಸ್ತ್ರ ಓದಿದವರು, ಒಂದು ಖಾಸಗಿ ಸಂಶೋಧನಾ ಕಂಪನಿಯಲ್ಲಿದ್ದರು. 1962ರಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ ಅರ್ಪಾ ಸಂಸ್ಥೆಗೆ ಬಂದು ಕಂಪ್ಯೂಟರ್ ಸಂಶೋಧನೆಗೆ ದುಡ್ಡು ಕೊಡುವ ಕಚೇರಿಯನ್ನು ನೋಡಿಕೊಂಡರು. 1964ರಲ್ಲಿ ಹೊರಟೂ ಹೋದರು. ಆ ಸ್ವಲ್ಪ ಕಾಲದಲ್ಲೇ ಎಂಐಟಿಯಂಥ ಕಡೆ ದೊಡ್ಡ ಯೋಜನೆಗಳಿಗೆ ಹಣ ಹರಿಯುವಂತೆ ಮಾಡಿದರು. ದೂರದೂರದ ಕಂಪ್ಯೂಟರ್‌ಗಳು ಒಂದಕ್ಕೊಂದು ಮಾತಾಡಬೇಕು ಎಂಬ ಆಸೆಯನ್ನು 1963ರಲ್ಲೇ ಬರೆದು ಸಂಶೋಧಕರಿಗೆಲ್ಲ ಕಳಿಸಿದರು. 1969ರಲ್ಲಿ ಅದೇ ಕಚೇರಿಯ ದುಡ್ಡಿನಿಂದ ಅರ್ಪಾನೆಟ್ ಎಂಬ ಕಂಪ್ಯೂಟರ್ ಜಾಲ ಶುರುವಾಯಿತು, ಇಂಟರ್ನೆಟ್ ಬೆಳೆದದ್ದು ಅದರಿಂದ. ಆ ಸಂಸ್ಥೆ ಈಗಿನ ಡಾರ್ಪಾ. ಅಲ್ಲಿನ ಪ್ರೋಗ್ರಾಂ ಮ್ಯಾನೇಜರ್‌ಗಳು ಇರುವುದು ಸಾಮಾನ್ಯವಾಗಿ ಮೂರರಿಂದ ಐದು ವರ್ಷ. ಅಲ್ಲಿ ಅವರ ಅಧಿಕಾರ ಎನ್‌ಎಸ್‌ಎಫ್‌ನವರಿಗಿಂತ ಜಾಸ್ತಿ, ಹೊರಗಿನ ರಿವ್ಯೂವರ್‌ಗಳ ಮೇಲಿನ ಅವಲಂಬನೆ ಕಡಿಮೆ. ಅದಕ್ಕೇ ಎರಡನ್ನೂ ಸುಮ್ನೆ ಒಂದೇ ಅನ್ನಬಾರದು.

ನಮ್ಮೂರಿನಲ್ಲಿ ಈ ವಿಷಯ ಎತ್ತಿದರೆ ಬರುವ ಮೊದಲ ಪ್ರಶ್ನೆ, ‘ಹಾಗಾದರೆ ನಮ್ಮವರಿಗೆ ಸ್ವಲ್ಪ ನೋಡಿಕೊಳ್ಳಬಹುದಲ್ವಾ?’ ಆಗುವುದಿಲ್ಲ. ಒಂದೇ ಒಕ್ಕದವರು (ಮನೆತನದವರು), ನೆಂಟರು ಎನ್ನುವುದು ದೂರದ ಮಾತು. ಜೊತೆಯಲ್ಲಿ ಇತ್ತೀಚೆಗೆ ಪೇಪರ್ ಬರೆದವರು, ಪಿಎಚ್‌ಡಿ ಗೈಡ್, ತಾನೇ ಗೈಡ್ ಮಾಡಿದ ವಿದ್ಯಾರ್ಥಿ, ತನ್ನ ಸ್ವಂತ ವಿಶ್ವವಿದ್ಯಾಲಯ, ಇವುಗಳಿಂದ ಬಂದ ಪ್ರಪೋಸಲ್ ಅನ್ನು ರೊಟೇಟರ್ ಮುಟ್ಟುವ ಹಾಗಿಲ್ಲ. ಬೇರೆಯವರಿಗೆ ಒಪ್ಪಿಸಬೇಕು. ವಾಪಸು ಹೋದ ಮೇಲೂ ಒಂದು ವರ್ಷ, ತನ್ನದೇ ಪ್ರಪೋಸಲ್ ಬಗ್ಗೆ ಎನ್‌ಎಸ್‌ಎಫ್ ಜೊತೆ ತಾನೇ ವ್ಯವಹರಿಸುವಂತಿಲ್ಲ, ಪರವಾಗಿ ಬೇರೊಬ್ಬರು ಮಾತಾಡಬೇಕು. ಈ ಕಟ್ಟುನಿಟ್ಟು ಇಲ್ಲದಿದ್ದರೆ ವ್ಯವಸ್ಥೆಯೇ ನಿಲ್ಲುವುದಿಲ್ಲ. ಲ್ಯಾಬಿನವರನ್ನೇ ಕರೆದು ಕೂರಿಸಿದರೆ ಪರಿಚಯದವರು ಎದುರಾಗುವುದು ಖಂಡಿತ.

ರಿವ್ಯೂವರ್‌ಗಳಿಗೂ ಇದೇ ನಿಯಮ. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರ, ಅಪ್ಪಂಗಳದ ಏಲಕ್ಕಿ ಸಂಶೋಧನೆ, ಪೊನ್ನಂಪೇಟೆಯ ಅರಣ್ಯ ಕಾಲೇಜು ಇಂಥ ಕಡೆ ಕೆಲಸ ಮಾಡುವವರಿಗೆ ಇದು ನಿಜಕ್ಕೂ ಕಷ್ಟ. ಅರೇಬಿಕಾ ಕಾಫಿಯ ಬಿಳಿ ಕಾಂಡಕೊರಕ ಹುಳುವಿನ ಬಗ್ಗೆ ಆಳವಾಗಿ ಗೊತ್ತಿರುವವರು ದೇಶದಲ್ಲಿ ಎಷ್ಟು ಜನ ಇದ್ದಾರು? ಅವರಲ್ಲಿ ಒಬ್ಬರ ಪ್ರಪೋಸಲ್ ಬಂದರೆ ಉಳಿದವರಲ್ಲಿ ಹೆಚ್ಚಿನವರು ಅವರ ಜೊತೆ ಕೆಲಸ ಮಾಡಿದವರೇ ಆಗಿರುತ್ತಾರೆ.

ನಮ್ಮ ದೇಶದವರನ್ನು ರೊಟೇಟರ್ ಎಂದು ಕರೆಯುವ ಮುಂಚೆ ಸ್ವಲ್ಪ ನಿಲ್ಲಿ. ಇಲ್ಲಿ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯಂಥ ಕಡೆ ಫೈಲು ನೋಡುವ ವಿಜ್ಞಾನಿಗಳು ಹೆಚ್ಚಾಗಿ ಖಾಯಂ ನೌಕರರು. ಹೊರಗಿನ ಪ್ರೊಫೆಸರ್‌ಗಳು ಬರುವುದು ತಜ್ಞರ ಸಮಿತಿಯ ಸದಸ್ಯರಾಗಿ, ಇಲ್ಲವೇ ರಿವ್ಯೂವರ್ ಆಗಿ. ಸಂಶೋಧನೆಗೆ ಅನುದಾನ ಕೊಡುತ್ತಿದ್ದ, 2008ರ ಕಾಯ್ದೆಯಿಂದ ಹುಟ್ಟಿದ ಎಸ್‌ಇಆರ್‌ಬಿ ಎಂಬ ಮಂಡಳಿ ಹೋಗಿ, 2023ರ ಕಾಯ್ದೆಯ ಅನುಸಂಧಾನ್ ನ್ಯಾಷನಲ್ ರಿಸರ್ಚ್ ಫೌಂಡೇಷನ್ ಬಂದಿದೆ. ಅದರ ಸಮಿತಿಗೆ ಊರಿನ ಯಾರಾದರೂ ಆಯ್ಕೆಯಾದರೆ ‘ಸಮಿತಿ ಸದಸ್ಯರು’ ಎಂದೇ ಬರೆಯಿರಿ. ಸಮಿತಿಗೆ ಬಂದವರು ತಮ್ಮ ಕಾಲೇಜಿನ ಕೆಲಸದಲ್ಲೇ ಇರುತ್ತಾರೆ, ಮೀಟಿಂಗ್‌ಗೆ ಹೋಗಿ ಬರುತ್ತಾರೆ. ಎರಡು ವರ್ಷ ಲ್ಯಾಬ್ ಬಿಟ್ಟು ಹೋಗಿ ಅಲ್ಲೇ ಕುರ್ಚಿ ಹಾಕಿ ಕೂರುವವರು ಬೇರೆ.