ವಿಷದ ತಲೆ, ಬಾಲ ಮತ್ತು ನಡುತುಂಡು

ಆಟಿ ಅಮಾವಾಸ್ಯೆಯ ನಸುಕಿನಲ್ಲಿ ಉಡುಪಿಯ ಮನೆಗಳಲ್ಲಿ ಪಾಲೆಮರದ ಕೆತ್ತೆಯ (ತೊಗಟೆಯ) ಕಷಾಯ ಕುಡಿಯುವುದು ರೂಢಿ. ಕತ್ತಲಲ್ಲಿ ಕಲ್ಲಿನಿಂದ ಜಜ್ಜಿ ತೆಗೆಯುವ ಕೆತ್ತೆ ಪಾಲೆಯದಾಗದೆ ಕಾಸರಕದ್ದಾದರೆ ಹೊಟ್ಟೆ ಸೇರುವುದು ಸ್ಟ್ರಿಕ್ನಿನ್ ಮತ್ತು ಬ್ರೂಸಿನ್ ಎಂಬ ವಿಷಗಳು. 'ಮರದ್ದಲ್ಲವೇ, ಏನಾದೀತು' ಎನ್ನುವವರಿಗೆ ನನ್ನಲ್ಲಿ ತಾಳ್ಮೆಯಿಲ್ಲ. ಆದರೆ ನೆರೆಯ ಹಿರಿಯರೊಬ್ಬರು ಕೇಳಿದ ಪ್ರಶ್ನೆ ಬೇರೆ: 'ಎಷ್ಟು ಕುಡಿದರೆ ಸಾವು?'

ಔಷಧ ವಿಜ್ಞಾನಿಗಳೂ ಒಂದು ಕಾಲದಲ್ಲಿ ಹೀಗೆಯೇ ಕೇಳುತ್ತಿದ್ದರು. ಪ್ರಾಣಿಯನ್ನು ಕೊಲ್ಲುವ ಕನಿಷ್ಠ ಪ್ರಮಾಣವನ್ನು ಹುಡುಕುತ್ತಿದ್ದರು. ಆ ಕನಿಷ್ಠವನ್ನು ತೀರ್ಮಾನಿಸುವುದು ಗುಂಪಿನ ಅತಿ ದುರ್ಬಲ ಪ್ರಾಣಿ. ಭತ್ತದ ಅರಳು ಹುರಿಯುವವರನ್ನು ಕೇಳಿ: ಮೊದಲು ಸಿಡಿಯುವ ಕಾಳು ಯಾವುದೆಂದು ಹೇಳಲಾಗದು, ಕೊನೆಗೆ ಬಾಣಲೆಯಲ್ಲಿ ಹಠ ಹಿಡಿದು ಕೂರುವುದೂ ಗೊತ್ತಾಗದು, ಅರ್ಧ ಅರಳಿದ ಹೊತ್ತು ಮಾತ್ರ ಪ್ರತಿಸಲ ಹೆಚ್ಚುಕಡಿಮೆ ಒಂದೇ. 1927ರಲ್ಲಿ ಬ್ರಿಟಿಷ್ ಔಷಧ ವಿಜ್ಞಾನಿ ಟ್ರೆವನ್ ಹಿಡಿದದ್ದು ಈ ನಡುವನ್ನೇ. ಅರ್ಧದಷ್ಟು ಪ್ರಾಣಿಗಳನ್ನು ಕೊಲ್ಲುವ ಪ್ರಮಾಣಕ್ಕೆ ಎಲ್‌ಡಿ-50 ಎಂಬ ಹೆಸರು ಬಂದದ್ದು ಆಗ.

ಈ ನಡುವನ್ನು ಲೆಕ್ಕಹಾಕಲು 1934ರಲ್ಲಿ ಅಮೆರಿಕದ ಜೀವವಿಜ್ಞಾನಿ ಬ್ಲಿಸ್ 'ಪ್ರಾಬಿಟ್' ತಂದರು. ವಿಷ ಏರಿದಂತೆ ಸತ್ತವುಗಳ ಪಾಲು ಏರುವ ಎಸ್ ಆಕಾರದ ರೇಖೆಯನ್ನು ನೇರ ಮಾಡುವ ಜಾಣ ಉಪಾಯ ಅದು. ತೊಂದರೆ ಎಂದರೆ, ವಿಷ ತೀರಾ ಕಡಿಮೆಯಿದ್ದು ಸಾವು ಬಹಳ ಅಪರೂಪವಾಗಿರಬೇಕಾದ ಕಡೆ, ಪರೀಕ್ಷೆಗಿಟ್ಟ ಮೀನುಮರಿಯೊಂದು ಬೇರೇನೋ ಕಾರಣಕ್ಕೆ ಸತ್ತರೂ ಇಡೀ ಗೆರೆ ಅದರತ್ತ ವಾಲುತ್ತದೆ.

ಬಂಗುಡೆ ಶುಚಿಮಾಡುವವರ ಬುದ್ಧಿ ಇಲ್ಲಿ ಬೇಕು: ತಲೆ, ಬಾಲ ಕತ್ತರಿಸಿ ನಡುತುಂಡು ಇಟ್ಟುಕೊಳ್ಳುವುದು. ಸಂಶೋಧಕ ಹ್ಯಾಮಿಲ್ಟನ್ ಮತ್ತು ಸಂಗಡಿಗರು 1977ರಲ್ಲಿ ಜಲಜೀವಿಗಳ ಪರೀಕ್ಷೆಗೆ ಇದನ್ನೇ ಮಾಡಿದರು. ಅವರು ಕತ್ತರಿಸಿದ್ದು ಹಳೆಯ ಸ್ಪಿಯರ್‌ಮನ್–ಕಾರ್ಬರ್ ಲೆಕ್ಕವನ್ನು, ಅಂದರೆ ಪ್ರತಿ ಪ್ರಮಾಣದಲ್ಲಿ ಸತ್ತವುಗಳ ಪಾಲು ನೋಡಿ ಕೊಲ್ಲುವ ಪ್ರಮಾಣದ ಸರಾಸರಿ ತೆಗೆಯುವ ಲೆಕ್ಕವನ್ನು. ಬುದ್ಧಿಶಕ್ತಿಯ ಅಳತೆಗೆ ಹೆಸರಾದ ಮನಶ್ಶಾಸ್ತ್ರಜ್ಞ ಸ್ಪಿಯರ್‌ಮನ್ ಅವರೇ ಇವರು. 1908ರಲ್ಲಿ ಇಂದ್ರಿಯಗಳ ಸೂಕ್ಷ್ಮತೆಯನ್ನು ಅಳೆಯಲು, ಗಣಿತಜ್ಞ ಗಾಸ್‌ನ ಗಂಟೆಯಾಕಾರದ ರೇಖೆಯ ಸೂತ್ರದ ಹಂಗಿಲ್ಲದೆ, ಈ ಲೆಕ್ಕ ಹಾಕಿದ್ದರು. ಅದು ಕೊನೆಗೆ ಮೀನಿನ ತೊಟ್ಟಿಗೆ ಬಂದು ಸೇರಿತು!

ಕಾಲ್ಪನಿಕ ಉದಾಹರಣೆಯೊಂದನ್ನು ನೋಡಿ. ತೊಟ್ಟಿಗೆ ಹತ್ತರಂತೆ ಮರಿಗಳು. ಲೀಟರಿಗೆ 1, 2, 4, 8, 16 ಮಿಲಿಗ್ರಾಂ ವಿಷ. ಸತ್ತವು ಕ್ರಮವಾಗಿ 1, 0, 3, 8, 10. ಹಳೆಯ ಪದ್ಧತಿಯವರು '1 ಮಿಲಿಗ್ರಾಂ ಸಾಕು' ಎಂದು ಬೆಚ್ಚಿಬೀಳುತ್ತಾರೆ. ನಾವು ಹಾಗೆ ಬೀಳಬೇಕಿಲ್ಲ. ವಿಷ ಹೆಚ್ಚಿದಾಗ ಸಾವು ಇಳಿಯುವುದು ಅಸಂಬದ್ಧವಾದ್ದರಿಂದ ಮೊದಲಿನ ಎರಡನ್ನು ಕೂಡಿಸಿ ತಲಾ ಶೇ 5 ಎನ್ನೋಣ. ಸಾವು ಶೇ 10ಕ್ಕಿಂತ ಕೆಳಗಿನ ಮತ್ತು ಶೇ 90ಕ್ಕಿಂತ ಮೇಲಿನ ತುದಿಗಳನ್ನು ಕತ್ತರಿಸಿ, ಉಳಿದ ನಡುಭಾಗದ ಸರಾಸರಿಯನ್ನು ಲಾಗರಿದಮ್ ಅಳತೆಯಲ್ಲಿ (ಪ್ರತಿ ಇಮ್ಮಡಿಗೂ ಒಂದೇ ಹೆಜ್ಜೆ) ತೆಗೆದರೆ ಸಿಗುವುದು ಸುಮಾರು 5.2 ಮಿಲಿಗ್ರಾಂ. ಆ ಒಂಟಿ ಸಾವು ಉತ್ತರವನ್ನು ಎಳೆದಾಡಲಿಲ್ಲ.

ಈ ಲೆಕ್ಕದ ಇನ್ನೊಂದು ಗುಣ ನನಗೆ ಬಹಳ ಇಷ್ಟ. ಅತಿ ಹೆಚ್ಚಿನ ಪ್ರಮಾಣದಲ್ಲೂ ಅರ್ಧದಷ್ಟು ಮರಿಗಳು ಸಾಯದಿದ್ದರೆ ಎಷ್ಟು ಕತ್ತರಿಸಿದರೂ ಅದು ಉತ್ತರ ಕೊಡುವುದಿಲ್ಲ. ಪ್ರಾಬಿಟ್ ಆದರೆ ಗೆರೆಯನ್ನು ಮುಂದಕ್ಕೆ ಎಳೆದು, ಯಾರೂ ಪರೀಕ್ಷಿಸದ ಪ್ರಮಾಣವೊಂದನ್ನು ಕೈಗಿಟ್ಟೀತು.

ಹಿರಿಯರಿಗೆ ಇಷ್ಟನ್ನೂ ವಿವರಿಸಿದೆ. 'ಹಾಗಾದರೆ ಅರ್ಧಕ್ಕಿಂತ ಕಡಿಮೆ ಕುಡಿದರೆ ಆದೀತಾ?' ಎಂದರು. ಅವರಿಗೆ ಮೆಂತೆ ಗಂಜಿ ಬಡಿಸಿ, ಮುಂದಿನ ಆಟಿಗೆ ಹಗಲಿನಲ್ಲೇ ಮರ ಗುರುತು ಮಾಡಿಡೋಣ ಎಂದೆ.