ಬಿಲ್ಲಿನ ಆ ಸೊನ್ನೆ: ಬೆಂಗಳೂರಿನ ವಿದ್ಯುತ್ ವಾಹನಕ್ಕೆ ಯಾರ ದುಡ್ಡು?

ನಮ್ಮ ಬೀದಿಯ ಕೊನೆಯಲ್ಲಿ ಹೊಂಗೆಮರದ ಕೆಳಗೆ ಇಸ್ತ್ರಿ ಗಾಡಿ ಇಟ್ಟುಕೊಂಡಿರುವವರು 2025ರ ಫೆಬ್ರುವರಿಯಲ್ಲಿ ಎಲೆಕ್ಟ್ರಿಕ್ ಸ್ಕೂಟರ್ ಕೊಂಡರು. ಅಪಾರ್ಟ್‌ಮೆಂಟುಗಳ ಬಟ್ಟೆಗಂಟನ್ನು ಸೈಕಲ್ಲಿನ ಮೇಲೆ ಹೇರಿಕೊಂಡು ಏರಿ ಹತ್ತಿ ಹತ್ತಿ ಅವರ ಮೊಣಕಾಲು ಸವೆದಿತ್ತು. ‘ಇಂಗ್ಲಿಷ್ ಫಾರಂ ಇರುತ್ತದೆ, ನೀವೂ ಬನ್ನಿ ಸಾರ್’ ಎಂದು ನನ್ನನ್ನೂ ಷೋರೂಮಿಗೆ ಕರೆದುಕೊಂಡು ಹೋದರು. ಅಲ್ಲಿನ ಹುಡುಗಿ ಅವರ ಮುಖಕ್ಕೆ ಮೊಬೈಲ್ ಹಿಡಿದು ಕಣ್ಣು ಮಿಟುಕಿಸಲು ಹೇಳಿದಳು. ಎರಡು ಸಲ ಆಗಲಿಲ್ಲ. ಕನ್ನಡಕ ತೆಗೆದ ಮೇಲೆ ಆಧಾರ್ ಅವರನ್ನು ಗುರುತಿಸಿತು, ವೋಚರ್ ಮೊಬೈಲಿಗೆ ಬಂತು. ‘ಸಬ್ಸಿಡಿ ಹಣ ಗ್ಯಾಸಿನದರ ಹಾಗೆ ನನ್ನ ಖಾತೆಗೆ ಬರುತ್ತದೆಯಾ?’ ಎಂದು ಕೇಳಿದರು. ಇಲ್ಲ, ಬಿಲ್ಲಿನಲ್ಲೇ ಕಳೆಯುತ್ತಾರೆ, ಕಂಪನಿ ಆಮೇಲೆ ಕೇಂದ್ರ ಸರ್ಕಾರದಿಂದ ವಸೂಲಿ ಮಾಡಿಕೊಳ್ಳುತ್ತದೆ ಎಂದಳು ಆ ಹುಡುಗಿ. ಅವರ ಮುಖದಲ್ಲಿ ಸಣ್ಣ ನಿರಾಸೆ ಹಾದುಹೋಯಿತು. ಕೈಗೆ ಬಾರದ ಹಣವನ್ನು ನಂಬುವುದು ಕಷ್ಟ.

ಬಿಲ್ಲು ಕೈಗೆ ಬಂದಾಗ ಅವರ ಬೆರಳು ನಿಂತದ್ದು ‘ಪಿಎಂ ಇ-ಡ್ರೈವ್: ಕಳೆಯಿರಿ 10,000’ ಎಂಬ ಸಾಲಿನ ಮೇಲೆ. ಅದು ವಿದ್ಯುತ್ ವಾಹನಕ್ಕೆ ಕೇಂದ್ರ ಕೊಡುವ ಸಹಾಯಧನ. ನನ್ನ ಕಣ್ಣು ಹೋದದ್ದು ಅದರ ಕೆಳಗಿನ ಇನ್ನೊಂದು ಸಾಲಿಗೆ. ನೋಂದಣಿಯ ಹೊತ್ತಿಗೆ ರಾಜ್ಯಕ್ಕೆ ಒಂದೇ ಸಲ ಕಟ್ಟುವ ಜೀವಿತಾವಧಿ ತೆರಿಗೆ: 0.

ಆ ಸೊನ್ನೆಯ ತೂಕ ನೋಡಿ. ಕರ್ನಾಟಕದಲ್ಲಿ ಒಂದು ಲಕ್ಷ ರೂಪಾಯಿ ಮೀರಿದ ಪೆಟ್ರೋಲ್ ದ್ವಿಚಕ್ರ ವಾಹನಕ್ಕೆ ಜೀವಿತಾವಧಿ ತೆರಿಗೆ ಶೇ 18. ಅವರು ಕೊಂಡ ಸ್ಕೂಟರಿನ ಬೆಲೆ ಒಂದು ಲಕ್ಷದ ಐದು ಸಾವಿರದ ಆಸುಪಾಸಿನಲ್ಲಿತ್ತು. ಅದೇ ಬೆಲೆಯ ಪೆಟ್ರೋಲ್ ಸ್ಕೂಟರಾಗಿದ್ದರೆ ಹತ್ತಿರ ಹತ್ತಿರ 19,000 ರೂಪಾಯಿ ತೆರಿಗೆ, ಅದರ ಮೇಲೆ ಸೆಸ್. ಕೇಂದ್ರ ಕೊಟ್ಟದ್ದು ಹತ್ತು ಸಾವಿರ. ರಾಜ್ಯ ಸದ್ದಿಲ್ಲದೆ ಬಿಟ್ಟುಕೊಟ್ಟದ್ದು ಹೆಚ್ಚುಕಡಿಮೆ ಅದರ ಎರಡರಷ್ಟು. ಬೆಂಗಳೂರಿನ ವಿದ್ಯುತ್ ವಾಹನಗಳ ಕಥೆಯಲ್ಲಿ ಜಾಹೀರಾತಿಗೆ ಬಂದದ್ದು ಕೊಟ್ಟ ಹಣ. ನಿಜವಾಗಿ ಕೆಲಸ ಮಾಡಿದ್ದು ವಸೂಲು ಮಾಡದೆ ಬಿಟ್ಟ ಹಣ. ಹೀಗೆ ಬಿಟ್ಟುಕೊಡುವುದರ ಗುಣವೂ ದೋಷವೂ ಒಂದೇ: ವಾಹನದ ಬೆಲೆ ಹೆಚ್ಚಿದಷ್ಟೂ ಅದು ಹೆಚ್ಚುತ್ತದೆ.

ಕಥೆ ಶುರುವಾಗುವುದು ಬೊಮ್ಮಸಂದ್ರದಲ್ಲಿ. ಚೇತನ್ ಮೈನಿಯವರ ರೇವಾ ಕಂಪನಿ 2001ರಲ್ಲಿ ಅಲ್ಲಿಂದ ಒಂದು ಪುಟ್ಟ ಎಲೆಕ್ಟ್ರಿಕ್ ಕಾರನ್ನು ಹೊರತಂದಿತು. ಎರಡು ಬಾಗಿಲು, ಸೀಸದ ಬ್ಯಾಟರಿ, ಆಟದ ಸಾಮಾನಿನಂಥ ಆಕಾರ. ಆಗಿನ ಬೆಂಗಳೂರಿಗರು ಅದನ್ನು ಕಂಡರೆ ಒಮ್ಮೆ ತಿರುಗಿ ನೋಡಿ ನಗುತ್ತಿದ್ದರು, ಕೊಳ್ಳುವವರು ಕಡಿಮೆ. ಅದಕ್ಕೆ ಒಳ್ಳೆಯ ಗಿರಾಕಿ ಸಿಕ್ಕಿದ್ದು ಲಂಡನ್ನಿನಲ್ಲಿ. ಅಲ್ಲಿ 2003ರ ಫೆಬ್ರುವರಿಯಲ್ಲಿ ನಗರದ ನಡುಭಾಗಕ್ಕೆ ಕಾರು ತರುವವರ ಮೇಲೆ ದಿನಕ್ಕೆ 5 ಪೌಂಡ್ ದಟ್ಟಣೆ ಶುಲ್ಕ ಬಿತ್ತು, ಎಲೆಕ್ಟ್ರಿಕ್ ಕಾರಿಗೆ ವಿನಾಯಿತಿ ಸಿಕ್ಕಿತು. ‘ಜಿ-ವಿಜ್’ ಎಂಬ ಹೆಸರಿನಲ್ಲಿ ನಮ್ಮ ರೇವಾ ಅಲ್ಲಿ ಓಡಾಡಿತು. ಕೊಳ್ಳುವ ದಿನ ಯಾರೂ ಚೆಕ್ ಬರೆದು ಕೊಡಬೇಕಾಗಿರಲಿಲ್ಲ, ದಿನದಿನವೂ ಉಳಿಯುವ ಐದು ಪೌಂಡೇ ಸಾಕಾಯಿತು.

ಇಷ್ಟೇ ಅಲ್ಲ. ದೆಹಲಿ ಸರ್ಕಾರ 2008ರ ಹೊತ್ತಿಗೆ ಡೀಸೆಲ್ ಮೇಲೆ ಲೀಟರಿಗೆ 25 ಪೈಸೆ ಎತ್ತಿ ಅದರಿಂದ ಒಂದು ನಿಧಿ ಮಾಡಿ, ಬ್ಯಾಟರಿ ವಾಹನ ಕೊಳ್ಳುವವರಿಗೆ ಬೆಲೆಯ ಶೇ 15ರಷ್ಟು ಸಹಾಯಧನ ಕೊಡುತ್ತಿತ್ತು. ಹೊಗೆ ಬಿಡುವವನ ಜೇಬಿನಿಂದ ಹೊಗೆ ಬಿಡದವನ ಜೇಬಿಗೆ. ನನಗೆ ಇಂದಿಗೂ ಇದು ಇಡೀ ಕಥೆಯಲ್ಲೇ ಅತ್ಯಂತ ನೇರವಾದ ಲೆಕ್ಕ ಎನಿಸುತ್ತದೆ. ಕಾರು ತಯಾರಾಗುತ್ತಿದ್ದುದು ಹೊಸೂರು ರಸ್ತೆಯ ಬದಿಯಲ್ಲಿ, ಅದನ್ನು ಮುದ್ದಿಸುತ್ತಿದ್ದುದು ದೆಹಲಿ ಮತ್ತು ಲಂಡನ್. ಕೊನೆಗೆ 2010ರಲ್ಲಿ ಮಹೀಂದ್ರ ರೇವಾದ ಬಹುಪಾಲು ಷೇರು ಕೊಂಡಿತು.

ಅದೇ 2010ರ ನವೆಂಬರಿನಲ್ಲಿ ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯ ಮೊದಲ ಬಾರಿಗೆ ದೇಶದಾದ್ಯಂತ ಸಹಾಯಧನ ಶುರುಮಾಡಿತು. ಬೆಲೆಯ ಶೇ 20ರವರೆಗೆ. ಸ್ಕೂಟರಿಗೆ ಗರಿಷ್ಠ ನಾಲ್ಕೈದು ಸಾವಿರ, ಕಾರಿಗೆ ಒಂದು ಲಕ್ಷ. 2012ರ ಮಾರ್ಚ್ 31ಕ್ಕೆ ಯೋಜನೆ ಮುಗಿಯಿತು. ಮುಂದಿನದು ಬರಲು ಮೂರು ವರ್ಷ ಹಿಡಿಯಿತು. ಈ ನಡುವೆ ಸಬ್ಸಿಡಿಯನ್ನೇ ನೆಚ್ಚಿಕೊಂಡಿದ್ದ ಸ್ಕೂಟರ್ ಮಾರಾಟ ನೆಲಕಚ್ಚಿತು. ಕೊಡದಿರುವುದಕ್ಕಿಂತ ಕೊಟ್ಟು ನಿಲ್ಲಿಸುವುದು ಹೆಚ್ಚು ಪೆಟ್ಟು ಕೊಡುತ್ತದೆ ಎಂಬ ಪಾಠ ಅಲ್ಲೇ ಇತ್ತು. ಅದನ್ನು ಯಾರೂ ಕಲಿತಂತೆ ಕಾಣಲಿಲ್ಲ.

2015ರ ಏಪ್ರಿಲ್‌ನಲ್ಲಿ ಬಂದ ಕೇಂದ್ರದ ಮುಂದಿನ ಸಹಾಯಧನ, ‘ಫೇಮ್’ ಯೋಜನೆಯ ಮೊದಲ ಹಂತಕ್ಕೆ 795 ಕೋಟಿ ರೂಪಾಯಿ ಎಂದು ಇಟ್ಟಿದ್ದರು. ಅದರ ಫಲ ಬಹಳಷ್ಟು ಉಂಡದ್ದು ಎಲೆಕ್ಟ್ರಿಕ್ ವಾಹನವೇ ಅಲ್ಲ. ಸಿಯಾಜ್, ಎರ್ಟಿಗಾದಂಥ ಡೀಸೆಲ್ ಕಾರುಗಳಿಗೆ ಒಂದು ಸಣ್ಣ ಬ್ಯಾಟರಿ ಜೋಡಿಸಿ ‘ಮೈಲ್ಡ್ ಹೈಬ್ರಿಡ್’ ಎಂದು ಕರೆದರೆ ಒಂದೊಂದಕ್ಕೂ 13,000 ರೂಪಾಯಿ ಸಿಗುತ್ತಿತ್ತು. ಡೀಸೆಲ್ ಸುಡುತ್ತಲೇ ಪರಿಸರದ ಬಹುಮಾನ. 2017ರ ಏಪ್ರಿಲ್‌ನಲ್ಲಿ ಅವುಗಳನ್ನು ಪಟ್ಟಿಯಿಂದ ತೆಗೆದರು.

ಅದೇ 2017ರ ಸೆಪ್ಟೆಂಬರಿನಲ್ಲಿ ಕರ್ನಾಟಕ ತನ್ನದೇ ವಿದ್ಯುತ್ ವಾಹನ ನೀತಿ ತಂದಿತು. ದೇಶದಲ್ಲೇ ಮೊದಲು ಎಂಬ ಹೆಮ್ಮೆ ನಮಗೆ ಇಂದಿಗೂ ಇದೆ, ಇರಲಿ. ಆದರೆ ಆ ನೀತಿಯನ್ನು ಓದಿದರೆ ಅದು ಕೊಳ್ಳುವವರಿಗಿಂತ ತಯಾರಿಸುವವರ ಕಡೆ ಮುಖ ಮಾಡಿ ಬರೆದದ್ದು ಎಂದು ಗೊತ್ತಾಗುತ್ತದೆ: 31,000 ಕೋಟಿ ಬಂಡವಾಳ, 55,000 ಉದ್ಯೋಗ, ಕಾರ್ಖಾನೆಗೆ ರಿಯಾಯಿತಿ, ಚಾರ್ಜಿಂಗ್ ಕೇಂದ್ರ. ಖರೀದಿದಾರನಿಗೆ ನಗದು ಕೊಡುವ ದಾರಿ ಹಿಡಿಯಲಿಲ್ಲ. ಅವನ ಪಾಲಿಗೆ ಇದ್ದದ್ದು ತೆರಿಗೆಯ ಆ ಸೊನ್ನೆ. ಮುಂದೆ 2020ರಲ್ಲಿ ದೆಹಲಿ ತನ್ನ ನೀತಿಯಲ್ಲಿ ಸ್ಕೂಟರಿಗೆ 30,000 ರೂಪಾಯಿವರೆಗೆ ಕೊಡಲು ಮುಂದಾಯಿತು, 2021ರಲ್ಲಿ ಗುಜರಾತ್, ಮಹಾರಾಷ್ಟ್ರ ಅದೇ ದಾರಿ ಹಿಡಿದವು. ನಮ್ಮವರು ಕದಲಲಿಲ್ಲ.

ಕಾರ್ಖಾನೆಗಳಾದರೂ ಬಂದವೇ? ಬೆಂಗಳೂರಿನಲ್ಲೇ ಹುಟ್ಟಿದ ಏಥರ್ 2018ರಲ್ಲಿ ಮೊದಲ ಸ್ಕೂಟರನ್ನು ಇದೇ ಊರಿನಲ್ಲಿ ಮಾರಿತು, ಆಮೇಲೆ ದೊಡ್ಡ ಕಾರ್ಖಾನೆ ಹಾಕಲು ಹೊಸೂರಿಗೆ ಹೋಯಿತು. ಕೋರಮಂಗಲದಲ್ಲಿ ಕಚೇರಿ ಇಟ್ಟ ಓಲಾ ಎಲೆಕ್ಟ್ರಿಕ್‌ನ ಕಾರ್ಖಾನೆ ಇರುವುದು ಕೃಷ್ಣಗಿರಿ ಜಿಲ್ಲೆಯಲ್ಲಿ. ಅತ್ತಿಬೆಲೆ ದಾಟಿದರೆ ತಮಿಳುನಾಡು. ನೀತಿ ನಮ್ಮದು, ನಕ್ಷೆ ಬರೆಯುವ ಎಂಜಿನಿಯರುಗಳು ನಮ್ಮ ಊರಿನವರು, ಬೋಲ್ಟು ಬಿಗಿಯುವ ಕೆಲಸ ಗಡಿಯಾಚೆ. 2025ರ ಫೆಬ್ರುವರಿಯಲ್ಲಿ ರಾಜ್ಯ ಮತ್ತೆ ‘ಸ್ವಚ್ಛ ಸಂಚಾರ ನೀತಿ’ಯನ್ನು ಹೊರತಂದಿತು. ಈ ಸಲ ಗುರಿ 50,000 ಕೋಟಿ, ಒಂದು ಲಕ್ಷ ಉದ್ಯೋಗ. ಮುಖ ಮತ್ತೆ ಕಾರ್ಖಾನೆಯ ಕಡೆಗೇ.

ಕೇಂದ್ರದ ಎರಡನೇ ಫೇಮ್ ಬಂದದ್ದು 2019ರ ಏಪ್ರಿಲ್‌ನಲ್ಲಿ, 10,000 ಕೋಟಿಯೊಂದಿಗೆ. ಈ ಸಲ ಲೆಕ್ಕ ಬ್ಯಾಟರಿಯ ಗಾತ್ರದ ಮೇಲೆ: ಒಂದು ಕಿಲೊವಾಟ್ ಗಂಟೆಗೆ 10,000 ರೂಪಾಯಿ. ಹತ್ತು ಲಕ್ಷ ದ್ವಿಚಕ್ರ ವಾಹನದ ಗುರಿ ಎರಡು ವರ್ಷವಾದರೂ ಕಣ್ಣಳತೆಗೆ ಸಿಗದೇ ಹೋದಾಗ, 2021ರ ಜೂನ್‌ನಲ್ಲಿ ಅದನ್ನು 15,000ಕ್ಕೆ ಏರಿಸಿ, ಬೆಲೆಯ ಶೇ 40ರವರೆಗೆ ಬಿಟ್ಟರು. ಮೂರು ಕಿಲೊವಾಟ್ ಗಂಟೆಯ ಸ್ಕೂಟರಿಗೆ 45,000! ಬೆಂಗಳೂರಿನ ಸಿಗ್ನಲುಗಳಲ್ಲಿ ಹಸಿರು ನಂಬರ್ ಪ್ಲೇಟು ಕಣ್ಣಿಗೆ ಬೀಳತೊಡಗಿದ್ದು ಆಗ. 2023ರ ಜೂನ್ 1ರಂದು ಅದೇ ಕೈ ಹಿಂದೆ ಸರಿಯಿತು: ಮತ್ತೆ 10,000, ಅದೂ ಬೆಲೆಯ ಶೇ 15 ಮೀರುವಂತಿಲ್ಲ. ಅದೇ ಸ್ಕೂಟರಿಗೆ ಆಮೇಲೆ ಮೊದಲಿನದರ ಅರ್ಧ ಸಿಕ್ಕರೆ ಹೆಚ್ಚು. ದೇಶದಲ್ಲಿ ಮೇ ತಿಂಗಳು ಲಕ್ಷ ದಾಟಿದ್ದ ನೋಂದಣಿ ಜೂನ್‌ನಲ್ಲಿ ಅರ್ಧಕ್ಕಿಂತ ಕೆಳಗೆ ಕುಸಿಯಿತು.

ಆ ವರ್ಷದ ಇನ್ನೊಂದು ಪ್ರಸಂಗ ಹೇಳದೆ ಮುಂದೆ ಹೋಗುವಂತಿಲ್ಲ. ಸಬ್ಸಿಡಿ ಸಿಗಬೇಕಾದರೆ ಸ್ಕೂಟರಿನ ಕಾರ್ಖಾನೆ ಬೆಲೆ ಒಂದೂವರೆ ಲಕ್ಷದೊಳಗೆ ಇರಬೇಕಿತ್ತು. ಹಾಗಾಗಿ ಕೆಲವರು ಚಾರ್ಜರನ್ನು ಬೇರೆ ಬಿಲ್ ಹಾಕಿ ಮಾರಿದರು. ಚಾರ್ಜರ್ ಇಲ್ಲದ ಎಲೆಕ್ಟ್ರಿಕ್ ಸ್ಕೂಟರ್ ಎಂದರೆ ಒಲೆಯಿಲ್ಲದ ಅಡುಗೆಮನೆ. ಸಚಿವಾಲಯ ಹಿಡಿದುಕೊಂಡಿತು, ಬೆಂಗಳೂರಿನಲ್ಲಿ ಕಚೇರಿ ಇರುವ ಕಂಪನಿಗಳೂ ಸೇರಿ ಹಲವರು ಗ್ರಾಹಕರಿಗೆ ಚಾರ್ಜರ್ ದುಡ್ಡು ವಾಪಸು ಮಾಡಬೇಕಾಯಿತು. ಪಿಎಂ ಇ-ಡ್ರೈವ್‌ನಲ್ಲಿ ಕಣ್ಣು ಮಿಟುಕಿಸಿ ಆಧಾರ್ ತೋರಿಸುವ, ಸೆಲ್ಫಿ ಕೊಡುವ ಕ್ರಮ ಬಂದದ್ದು ಇಂಥ ಅಪನಂಬಿಕೆ ಬೆಳೆದ ಮೇಲೆ. ಕಂಪನಿಗಳ ಲೆಕ್ಕದ ಜಾಣತನಕ್ಕೆ ಇಸ್ತ್ರಿಯವರು ಕನ್ನಡಕ ತೆಗೆಯಬೇಕಾಯಿತು.

ಇದೆಲ್ಲ ಸ್ವಂತ ವಾಹನ ಕೊಳ್ಳುವವರ ಮಾತು. ದಿನಕ್ಕೆ ಇನ್ನೂರು ಕಿಲೊಮೀಟರಿನ ಲೆಕ್ಕದಲ್ಲಿ ಹೊಗೆ ಉಗುಳುವ ಬಸ್ಸಿನ ಕಥೆ ಬೇರೆಯೇ. ದೇಶದಲ್ಲಿ ಎಲೆಕ್ಟ್ರಿಕ್ ಸಿಟಿ ಬಸ್ಸನ್ನು ಮೊದಲು ಓಡಿಸಿ ನೋಡಿದ ಊರುಗಳಲ್ಲಿ ನಮ್ಮದೇ ಮುಂದು. 2014ರಲ್ಲಿ ಬಿಎಂಟಿಸಿ ಚೀನಾದ ಬಿವೈಡಿ ಕಂಪನಿಯ ಬಸ್ಸೊಂದನ್ನು ಮೆಜೆಸ್ಟಿಕ್‌ನಿಂದ ಕಾಡುಗೋಡಿಗೆ ಪ್ರಾಯೋಗಿಕವಾಗಿ ಓಡಿಸಿತು. ಸದ್ದಿಲ್ಲದ, ನಡುಗದ ಬಸ್ಸು. ಇಳಿಯುವಾಗ ಜನ ಚಾಲಕನ ಕಡೆ ನೋಡಿ ನಗುತ್ತಿದ್ದರು. ಅಷ್ಟೇ ಆಯಿತು. ಫೇಮ್ ಮೊದಲ ಹಂತದಲ್ಲಿ ಬೆಂಗಳೂರಿಗೂ ಬಸ್ಸುಗಳು ಮಂಜೂರಾದವು. ಆದರೆ ಕೊಂಡುಕೊಳ್ಳಬೇಕೇ, ಕಿಲೊಮೀಟರಿಗೆ ಇಷ್ಟು ಎಂದು ಗುತ್ತಿಗೆಗೆ ಪಡೆಯಬೇಕೇ ಎಂಬ ಜಗ್ಗಾಟ ಮುಗಿಯಲೇ ಇಲ್ಲ. ಗುತ್ತಿಗೆಯಾದರೆ ಚಾಲಕ ಕಂಪನಿಯವನು, ನಿರ್ವಾಹಕ ನಿಗಮದವನು. ಖಾಸಗೀಕರಣದ ಹಿಂಬಾಗಿಲು ಎಂಬ ಆಕ್ಷೇಪವಿತ್ತು, ಅದರಲ್ಲಿ ಹುರುಳೂ ಇತ್ತು. ಕೊಂಡುಕೊಳ್ಳಲು ನಿಗಮದ ಬಳಿ ಕಾಸಿರಲಿಲ್ಲ. ಸಚಿವರು ಒಂದು ಹೇಳಿದರು, ಅಧಿಕಾರಿಗಳು ಇನ್ನೊಂದು. ಟೆಂಡರ್ ಬಿತ್ತು, ಗಡುವು ಕಳೆಯಿತು, ಸಹಾಯಧನ ಕೈತಪ್ಪಿತು.

ಎರಡನೇ ಫೇಮ್‌ನಲ್ಲಿ ಹನ್ನೆರಡು ಮೀಟರಿನ ಬಸ್ಸಿಗೆ 55 ಲಕ್ಷದವರೆಗೆ ಕೊಡುತ್ತಿದ್ದರು. ಜಗಳವಾಡಿದ್ದ ಗುತ್ತಿಗೆ ಪದ್ಧತಿಗೇ ಒಪ್ಪಿ 300 ಬಸ್ಸು ಪಡೆದೆವು, ಆಮೇಲೆ ಟಾಟಾ ಕಡೆಯಿಂದ 921. ರಸ್ತೆಗೆ ಮೊದಲ ಎಲೆಕ್ಟ್ರಿಕ್ ಬಸ್ಸು ನಿಜವಾಗಿ ಇಳಿದದ್ದು 2021ರ ಡಿಸೆಂಬರಿನಲ್ಲಿ, ಸ್ಮಾರ್ಟ್ ಸಿಟಿ ಹಣದಲ್ಲಿ ಬಂದ 90 ಸಣ್ಣ ಬಸ್ಸುಗಳ ಸಾಲಿನಿಂದ. 2014ರ ಆ ಪ್ರಯೋಗದಿಂದ ಇಲ್ಲಿಗೆ ಏಳು ವರ್ಷಕ್ಕೂ ಹೆಚ್ಚು. ಪಿಎಂ ಇ-ಡ್ರೈವ್‌ನಲ್ಲಿ ಬೆಂಗಳೂರಿಗೆ ಸುಮಾರು 4,500 ಬಸ್ಸು ಕೊಡುವುದಾಗಿ ಕೇಂದ್ರದ ಬೃಹತ್ ಕೈಗಾರಿಕಾ ಸಚಿವ ಎಚ್.ಡಿ. ಕುಮಾರಸ್ವಾಮಿ 2025ರ ಮೇ ತಿಂಗಳಲ್ಲಿ ಪ್ರಕಟಿಸಿದರು. ಇದು ಬಂದರೆ ಲಕ್ಷ ಸ್ಕೂಟರುಗಳ ಸಬ್ಸಿಡಿಗಿಂತ ದೊಡ್ಡ ಕೆಲಸ ಎಂಬುದು ನನ್ನ ಎಣಿಕೆ.

ಆಟೋದವರಿಗೆ ಈ ಆಟ ಹೊಸದಲ್ಲ. ಎರಡು ಸ್ಟ್ರೋಕಿನ ಹಳೆಯ ಆಟೋ ಗುಜರಿಗೆ ಹಾಕಿ ಎಲ್‌ಪಿಜಿ ಆಟೋ ಕೊಂಡರೆ 30,000 ರೂಪಾಯಿ ಎಂದು ರಾಜ್ಯ ಸರ್ಕಾರ ಹಿಂದೆಯೇ ಕರೆದಿತ್ತು. ಸಾಲದ ಕಂತು ಇನ್ನೂ ತೀರದ ಗಾಡಿಯನ್ನು ಗುಜರಿಗೆ ಹಾಕುವವರು ಯಾರು? ಎಲೆಕ್ಟ್ರಿಕ್ ಆಟೋಗೆ ಜೀವಿತಾವಧಿ ತೆರಿಗೆಯ ಸೊನ್ನೆಯಿಂದ ಹೇಳಿಕೊಳ್ಳುವಂಥ ಲಾಭವಿರಲಿಲ್ಲ, ಪೆಟ್ರೋಲ್ ಆಟೋ ಮೇಲಿನ ತೆರಿಗೆಯೇ ಅಲ್ಪ. ರಾಜ್ಯದ ದೊಡ್ಡ ಉಡುಗೊರೆ ಅವರ ಬಾಗಿಲನ್ನು ತಟ್ಟಲೇ ಇಲ್ಲ. ಬೈಕ್ ಟ್ಯಾಕ್ಸಿಯವರಿಗೆ ಇನ್ನೂ ವಿಚಿತ್ರ: 2021ರಲ್ಲಿ ಎಲೆಕ್ಟ್ರಿಕ್ ಬೈಕಿಗೆ ಮಾತ್ರ ಟ್ಯಾಕ್ಸಿ ಪರವಾನಗಿ ಎಂಬ ಯೋಜನೆ ತಂದರು, 2024ರ ಮಾರ್ಚ್‌ನಲ್ಲಿ ಹಿಂಪಡೆದರು.

ಹಾಗಾದರೆ ಆ ಸೊನ್ನೆ ಯಾರನ್ನು ಸಾಕಿತು? 24 ಲಕ್ಷದ ಪೆಟ್ರೋಲ್ ಕಾರಿಗೆ ಶೇ 18ರಂತೆ 4.32 ಲಕ್ಷ ತೆರಿಗೆ, ಸೆಸ್ ಬೇರೆ. 2025ರಲ್ಲಿ ಅದೇ ಬೆಲೆಯ ಎಲೆಕ್ಟ್ರಿಕ್ ಕಾರು ಕೊಂಡವರಿಗೆ ಅಷ್ಟೂ ಉಳಿತಾಯ. ಅಂದರೆ ಇಸ್ತ್ರಿಯವರಿಗೆ ಬಿಟ್ಟುಕೊಟ್ಟದ್ದರ ಇಪ್ಪತ್ತೆರಡು ಪಟ್ಟಿಗೂ ಹೆಚ್ಚು. ಅವರ ಗಾಡಿಗೆ ಬಟ್ಟೆ ಕಳಿಸುವ ಮನೆಗಳ ಬೇಸ್‌ಮೆಂಟಿನಲ್ಲೇ ಅಂಥ ಕಾರುಗಳು ನಿಂತಿರುತ್ತವೆ. ಸರ್ಕಾರಕ್ಕೂ ಇದು ಹೊಳೆದಿರಬೇಕು. 25 ಲಕ್ಷ ಮೀರಿದ ಎಲೆಕ್ಟ್ರಿಕ್ ವಾಹನಕ್ಕೆ ಶೇ 10 ತೆರಿಗೆ ಎಂಬ ತಿದ್ದುಪಡಿ 2024ರ ಮಾರ್ಚ್‌ನಲ್ಲಿ ಜಾರಿಗೆ ಬಂತು. ಗೆರೆ ಎಳೆದದ್ದು ಸರಿ, ಎಳೆದ ಜಾಗ ಬಹಳ ಎತ್ತರದಲ್ಲಿತ್ತು ಎನ್ನುವುದು ನನ್ನ ತಕರಾರು.

ಇಸ್ತ್ರಿಯವರ ಸ್ಕೂಟರ್ ಈಗ ಪಕ್ಕದ ಬೇಕರಿಯವರ ಪ್ಲಗ್ಗಿನಲ್ಲಿ ಚಾರ್ಜ್ ಆಗುತ್ತದೆ, ಬದಲಿಗೆ ಬೇಕರಿಯವರ ಅಂಗಿಗಳಿಗೆ ಇಸ್ತ್ರಿ ಉಚಿತ. ಅದನ್ನು ನೋಡಿ ಅವರ ಭಾವಮೈದುನನೂ ಒಂದು ಕೊಳ್ಳಲು ಹೊರಟ. ‘ಅಮಾವಾಸ್ಯೆ ಕಳೆಯಲಿ, ಯುಗಾದಿಗೆ ಪೂಜೆ ಮಾಡಿ ತೆಗೆದುಕೊಳ್ಳೋಣ’ ಎಂದು ಮನೆಯಲ್ಲಿ ಹೇಳಿದರು. ಆ ವರ್ಷ ಯುಗಾದಿ ಬಿದ್ದದ್ದು ಮಾರ್ಚ್ 30, ಭಾನುವಾರ. ಹಬ್ಬದ ದಿನ ಮುಂಗಡ ಕೊಟ್ಟ, ಗಾಡಿ ಕೈಗೆ ಬಂದದ್ದು ಏಪ್ರಿಲ್ ಮೊದಲ ವಾರ. ಏಪ್ರಿಲ್ 1ರಿಂದ ಕೇಂದ್ರದ ಸಬ್ಸಿಡಿ ಅರ್ಧವಾಗಿತ್ತು. ಅವನೂ ಕಣ್ಣು ಮಿಟುಕಿಸಿದ, ಸೆಲ್ಫಿ ಕೊಟ್ಟ. ಅವನ ಬಿಲ್ಲಿನಲ್ಲಿ ಕಳೆದದ್ದು ಐದು ಸಾವಿರ.