ಬಾದಾಮಿ ಹಿಟ್ಟು ಮಾಡಲು ಹೋದರೆ ಮುದ್ದೆಯಾಗುತ್ತದೆ, ಫುಡ್ ಪ್ರೊಸೆಸರ್ ಬೇಕೇ ಬೇಕಾ?

ಪ್ರಶ್ನೆ: ಮನೆಯಲ್ಲಿ ಅಕ್ಕಿ, ಗೋಧಿ ಕಮ್ಮಿ ಮಾಡಿದ್ದೇವೆ. ಬಾದಾಮಿ ಹಿಟ್ಟು ನಾವೇ ಮಾಡೋಣ ಅಂದ್ರೆ ಮಿಕ್ಸಿಯಲ್ಲಿ ಪ್ರತಿ ಸಲ ಮುದ್ದೆಯಾಗುತ್ತೆ. ಫುಡ್ ಪ್ರೊಸೆಸರ್ ಕೊಳ್ಳಬೇಕಾ?

ಇದಕ್ಕೋಸ್ಕರ ಅಂತಾದರೆ ಬೇಡ. ಮಿಕ್ಸಿಯ ಡ್ರೈ ಜಾರ್ ಸಾಕು. ಬಾದಾಮಿಯ ತೂಕದಲ್ಲಿ ಹೆಚ್ಚುಕಮ್ಮಿ ಅರ್ಧ ಎಣ್ಣೆಯೇ ಇರುತ್ತದೆ, ಬ್ಲೇಡ್ ಒಂದೇ ಸಮ ಓಡಿದರೆ ಬಿಸಿಯಾಗಿ ಆ ಎಣ್ಣೆ ಹೊರಗೆ ಬಂದು ಪುಡಿಯನ್ನೆಲ್ಲ ಅಂಟಿಸಿಬಿಡುತ್ತದೆ. ಫುಡ್ ಪ್ರೊಸೆಸರ್‌ನಲ್ಲೂ ಜಾಸ್ತಿ ಹೊತ್ತು ಓಡಿಸಿದರೆ ಇದೇ ಕಥೆ. ಅದರ ಬಟ್ಟಲು ಅಗಲ, ಒಂದೇ ಸಲಕ್ಕೆ ಅರ್ಧ ಕೆಜಿ ಮಾಡುವವರಿಗೆ ಅನುಕೂಲ. ಒಂದು ಹಿಡಿ ಹಾಕಿದರೆ ಬ್ಲೇಡಿಗೆ ಸರಿಯಾಗಿ ಸಿಗುವುದೂ ಇಲ್ಲ.

ಮೊದಲು ನೋಡಬೇಕಾದದ್ದು ಬಾದಾಮಿ ಒಣಗಿದೆಯಾ ಅಂತ. ರಾತ್ರಿ ನೆನೆಸಿ, ಬೆಳಗ್ಗೆ ಸಿಪ್ಪೆ ತೆಗೆದು, ಬಟ್ಟೆಯಲ್ಲಿ ಒರೆಸಿ ನೇರ ಜಾರಿಗೆ ಹಾಕುತ್ತಿದ್ದರೆ ಅದು ಹಿಟ್ಟಾಗುವುದಿಲ್ಲ, ಒಳಗೆ ನೀರು ಇದ್ದೇ ಇರುತ್ತದೆ. ನೆನೆಸುವ ಬದಲು ಕುದಿಯುವ ನೀರಿಗೆ ಒಂದು ನಿಮಿಷ ಹಾಕಿ ತೆಗೆಯಿರಿ, ಸಿಪ್ಪೆ ಹಾಗೇ ಜಾರುತ್ತದೆ. ಆಮೇಲೆ ಚೆನ್ನಾಗಿ ಬಿಸಿಲು ಬೇಕು. ಜುಲೈ, ಆಗಸ್ಟ್‌ನಲ್ಲಿ ಬೆಂಗಳೂರಿನ ಬಿಸಿಲು ನಂಬುವ ಹಾಗಿಲ್ಲ ಅಲ್ವಾ, ಆಗ ಸುಮ್ನೆ ಸಿಪ್ಪೆ ಸಮೇತ ಪುಡಿ ಮಾಡಿ. ಬಣ್ಣ ಕಂದಾಗುತ್ತದೆ ಅಷ್ಟೇ, ರೊಟ್ಟಿಗೆ ಏನೂ ತೊಂದರೆ ಇಲ್ಲ.

ಒಣಗಿದ ಬಾದಾಮಿಯನ್ನು ಸ್ವಲ್ಪ ಹೊತ್ತು ಫ್ರಿಜ್‌ನಲ್ಲಿಟ್ಟು, ಜಾರು ಅರ್ಧಕ್ಕಿಂತ ಕಮ್ಮಿ ತುಂಬಿ, ನಾಬ್ ಪಲ್ಸ್ ಕಡೆಗೆ ತಿರುಗಿಸಿ ಬಿಡಿ, ಮತ್ತೆ ತಿರುಗಿಸಿ ಬಿಡಿ, ನಡುವೆ ಚಮಚದಲ್ಲಿ ಅಡಿ ಕೆದಕಿ. ಇನ್ನೂ ನುಣ್ಣಗಾಗಲಿ ಅನ್ನಿಸುವ ಹೊತ್ತಿಗೇ ನಿಲ್ಲಿಸಿ ಜರಡಿ ಹಿಡಿಯಿರಿ. ಉಳಿದ ತರಿಯನ್ನು ಮಾತ್ರ ಮತ್ತೆ ಹಾಕಿ.

ರೊಟ್ಟಿ ಒಡೆಯುತ್ತದೆ ಅನ್ನುವುದು ಮುಂದಿನ ದೂರು. ಬಾದಾಮಿಯಲ್ಲಿ ಗೋಧಿಯ ಅಂಟು ಇಲ್ಲ. ಒಂದು ಕಪ್ ಹಿಟ್ಟಿಗೆ ಅಂಟು ಬರಲು ಒಂದು ಚಮಚ ಇಸಬ್ಗೋಲ್ ಹೊಟ್ಟು, ಜೊತೆಗೆ ಈರುಳ್ಳಿ, ಸಬ್ಬಸಿಗೆ ಸೊಪ್ಪು, ಉಪ್ಪು ಹಾಕಿ ಬಿಸಿ ನೀರಲ್ಲಿ ಕಲಸಿ ಹತ್ತು ನಿಮಿಷ ಬಿಡಿ. ಬಾಳೆ ಎಲೆ ಮೇಲೆ ತಟ್ಟಿ, ಸಣ್ಣ ಉರಿಯಲ್ಲಿ ಮುಚ್ಚಿ ಬೇಯಿಸಿ. ಉರಿ ಜಾಸ್ತಿಯಾದರೆ ಬೇಗ ಸೀಯುತ್ತದೆ.

100 ಗ್ರಾಂ ಬಾದಾಮಿಯಲ್ಲಿ ಕಾರ್ಬ್ (ಕಾರ್ಬೋಹೈಡ್ರೇಟ್) ಸುಮಾರು 22 ಗ್ರಾಂ, ಅದರಲ್ಲೂ ಅರ್ಧಕ್ಕಿಂತ ಜಾಸ್ತಿ ನಾರು. ಗೋಧಿ ಹಿಟ್ಟಿನಲ್ಲಿ 70 ಗ್ರಾಂ ಹತ್ತಿರ. ಆದರೆ ಅದೇ 100 ಗ್ರಾಂ ಬಾದಾಮಿಯಲ್ಲಿ 580ರಷ್ಟು ಕ್ಯಾಲೊರಿ ಇದೆ, ಹಾಗಾಗಿ ಚಪಾತಿ ತಿಂದ ಲೆಕ್ಕದಲ್ಲಿ ತಿನ್ನಬೇಡಿ, ಎರಡು ಸಣ್ಣ ರೊಟ್ಟಿಗೆ ಹೊಟ್ಟೆ ತುಂಬುತ್ತದೆ. ಮನೆಯಲ್ಲಿ ಯಾರಾದರೂ ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳುತ್ತಿದ್ದರೆ ಊಟ ಬದಲಿಸುವ ಮೊದಲು ದಯವಿಟ್ಟು ಡಾಕ್ಟರ್ ಹತ್ತಿರ ಮಾತಾಡಿ, ಅನ್ನ ಕಮ್ಮಿಯಾಗಿ ಔಷಧಿ ಹಾಗೇ ಇದ್ದರೆ ಶುಗರ್ ತೀರಾ ಇಳಿಯಬಹುದು.

ಹಿಟ್ಟನ್ನು ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್‌ನಲ್ಲೇ ಇಡಿ, ಹೊರಗಿಟ್ಟರೆ ಎಣ್ಣೆ ಕಮಟು ವಾಸನೆ ಬರುತ್ತದೆ. ಈಗಾಗಲೇ ಮುದ್ದೆಯಾಗಿರುವುದನ್ನು ಎಸೆಯಬೇಡಿ, ಹಸಿಮೆಣಸಿನಕಾಯಿ, ಹುಣಸೆಹಣ್ಣು, ಉಪ್ಪು ಸೇರಿಸಿ ರುಬ್ಬಿದರೆ ಈ ರೊಟ್ಟಿಗೇ ಒಳ್ಳೆ ಚಟ್ನಿ.